ಚುಕ್ಕಿ ನಿಂತರೆ ನಾನೂ ನಿಲ್ಲುತ್ತೇನೆ

ನಮ್ಮ ಚುಕ್ಕಿಗೆ ಈಗ ಒಂಬತ್ತು ವರ್ಷ. ಬಿಳಿ ಮೈ, ಕಾಫಿ ಬಣ್ಣದ ಮಚ್ಚೆಗಳು, ಜೋಲು ಕಿವಿ. ಜಾತಿಯಲ್ಲಿ ಪಾಯಿಂಟರ್ ನಾಯಿ. ಹಕ್ಕಿ ಬೇಟೆಗೆಂದೇ ತಲೆಮಾರುಗಟ್ಟಲೆ ಆರಿಸಿ ಆರಿಸಿ ಬೆಳೆಸಿದ ತಳಿ. ಪರಿಚಯದವರೊಬ್ಬರು ಊರು ಬಿಟ್ಟು ಹೋಗುವಾಗ ಎರಡು ತಿಂಗಳ ಮರಿಯನ್ನು ನನ್ನ ಕೈಗಿಟ್ಟು ಹೋದರು. ಅವತ್ತಿನಿಂದ ತುಮಕೂರಿನ ಸುತ್ತ ನಾವಿಬ್ಬರು ಅಲೆಯದ ಕೆರೆ ಏರಿ, ಬೀಳು ಹೊಲ ಕಡಿಮೆ.

ಮೊನ್ನೆ ವಾಕಿಂಗ್‌ನಲ್ಲಿ ಸಿಕ್ಕವರೊಬ್ಬರು ಕೇಳಿದರು: "ಬಂದೂಕು ಇಲ್ಲ, ಬೇಟೆ ಇಲ್ಲ. ಇಂಥ ನಾಯಿ ಸಾಕೋದು ದಂಡ ಅಲ್ವಾ ಸಾರ್?" ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೂ ಆ ಮಾತು ಎದೆಯಲ್ಲೇ ಕೂತುಬಿಟ್ಟಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ದಂಡ ಅನ್ನುವವರು ಚುಕ್ಕಿ ಕೆಲಸ ಮಾಡುವುದನ್ನು ಒಮ್ಮೆ ನೋಡಬೇಕು. ಮೈದಾಳ ಕೆರೆಯ ಕಡೆ, ರಾಗಿ ಕೊಯ್ದ ಹೊಲ. ಬೆಳಗ್ಗೆ ಆರೂವರೆ. ಕೂಳೆಯ ಮೇಲೆ ಇನ್ನೂ ಇಬ್ಬನಿ. ಅವಳು ಮೊದಲು ಗಾಳಿ ಎಲ್ಲಿಂದ ಬರುತ್ತಿದೆ ಅಂತ ನೋಡಿಕೊಳ್ಳುತ್ತಾಳೆ. ಆಮೇಲೆ ಗಾಳಿಗೆ ಎದುರಾಗಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ, ಉಳುವ ಎತ್ತು ಸಾಲು ತಿರುಗಿದ ಹಾಗೆ ಇಡೀ ಹೊಲ ಹಾಯುತ್ತಾಳೆ. ಮೂಗನ್ನು ನೆಲಕ್ಕೆ ಹಚ್ಚುವುದು ಅಪರೂಪ. ತಲೆ ಎತ್ತಿ, ಗಾಳಿಯಲ್ಲಿ ತೇಲಿ ಬರುವ ವಾಸನೆ ಹಿಡಿಯುತ್ತಾಳೆ.

ಓಡುತ್ತಿದ್ದವಳು ಇದ್ದಕ್ಕಿದ್ದ ಹಾಗೆ ಕಲ್ಲಾಗುತ್ತಾಳೆ. ಒಂದು ಮುಂಗಾಲು ಮಡಚಿ ಮೇಲಕ್ಕೆ. ಬಾಲ ಕೋಲಿನ ಹಾಗೆ ನೆಟ್ಟಗೆ. ಮೂಗಿನ ಹೊಳ್ಳೆ ಮಾತ್ರ ಅಲುಗುತ್ತಿರುತ್ತದೆ. ಪಕ್ಕದಲ್ಲೇ ಮಂಡಿಯೂರಿ ಎಷ್ಟೋ ಸಲ ನೋಡಿದ್ದೇನೆ. ಹೊಳ್ಳೆಯ ಬದಿಯಲ್ಲಿ ಒಂದು ಸಣ್ಣ ಸೀಳು ಇರುತ್ತದೆ. ಬಿಟ್ಟ ಉಸಿರು ಅಲ್ಲಿಂದ ಪಕ್ಕಕ್ಕೆ ಹೋಗುತ್ತದೆ. ಹಾಗಾಗಿ ಮುಂದಿನಿಂದ ಬರುವ ವಾಸನೆ ಕೆಡುವುದಿಲ್ಲ. ತುಟಿಯಂಚಿನಲ್ಲಿ ಜೊಲ್ಲಿನ ಒಂದು ಹನಿ ಬೀಳದೆ ನಿಂತಿರುತ್ತದೆ. ತೊಡೆಯ ಚರ್ಮ ಸಣ್ಣಗೆ ನಡುಗುತ್ತದೆ. ಮೂಗಿನ ನೇರಕ್ಕೆ ಹತ್ತು ಹೆಜ್ಜೆ ಆಚೆ, ತಂಗಡಿ ಗಿಡದ ಬುಡದಲ್ಲಿ ಗೌಜಲಹಕ್ಕಿ. ನನ್ನ ಕಣ್ಣಿಗೆ ಮಾತ್ರ ಅಲ್ಲಿ ಬರೀ ಒಣ ಹುಲ್ಲು.

ಈ ನಿಲ್ಲುವುದನ್ನು ಅವಳಿಗೆ ನಾನು ಕಲಿಸಲಿಲ್ಲ. ಮೂರು ತಿಂಗಳ ಮರಿಯಾಗಿದ್ದಾಗಲೇ ಹಿತ್ತಲಲ್ಲಿ ಗುಬ್ಬಿ ಕಂಡರೆ ಕಾಲೆತ್ತಿ ನಿಲ್ಲುತ್ತಿದ್ದಳು. ತೋಳ, ನಾಯಿ ಎಲ್ಲವೂ ಎರಗುವ ಮುಂಚೆ ಒಂದು ಗಳಿಗೆ ತಡೆಯುತ್ತವೆ ಅಲ್ವಾ, ಆ ಗಳಿಗೆಯನ್ನೇ ಮನುಷ್ಯ ಎಳೆದು ಎಳೆದು ಉದ್ದ ಮಾಡಿದ. ಹೆಚ್ಚು ಹೊತ್ತು ನಿಲ್ಲುವ ನಾಯಿಗಳನ್ನೇ ಜೋಡಿ ಮಾಡುತ್ತಾ ಬಂದ. ಅಂದರೆ ನಾಯಿಯ ಪಾಲಿನ ಕೆಲಸ ಅಲ್ಲಿಗೆ ಮುಗಿಯಿತು. 'ಇಲ್ಲಿದೆ ನೋಡು' ಅನ್ನುವುದಷ್ಟೇ ಅವಳದು. ಆಮೇಲಿನ ಬಂದೂಕು ನಮ್ಮದು. ಆ ಬಂದೂಕು ಇಲ್ಲದಿದ್ದರೂ ಚುಕ್ಕಿಗೆ ಏನೂ ಕಡಿಮೆಯಾಗಲಿಲ್ಲ. ಇಂಥ ನಾಯಿಯನ್ನು ಅಂದಕ್ಕೆ ತಂದು ಗೇಟಿಗೆ ಕಟ್ಟಿ ಹಾಕುತ್ತಾರಲ್ಲ, ದಂಡ ಅಂದರೆ ಅದು. ದಿನಕ್ಕೆ ಒಂದು ಗಂಟೆ ಬಯಲು ಕಾಣದಿದ್ದರೆ ಈ ಜೀವ ಒಳಗೊಳಗೇ ಕೊರಗುತ್ತದೆ.

ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಚುಕ್ಕಿಗಾಗ ಒಂದೂವರೆ ವರ್ಷ. ಏಪ್ರಿಲ್ ತಿಂಗಳು. ಕೆರೆಯಂಗಳ ಒಣಗಿ ಬಿರುಕು ಬಿಟ್ಟಿತ್ತು. ಹಗ್ಗ ಬಿಚ್ಚಿದ್ದೆ. ಅವಳು ನಿಂತಳು. ನನಗೆ ಹಕ್ಕಿ ಹಾರುವುದನ್ನು ನೋಡುವ ಆಸೆ. "ಹೋಗು" ಅಂದೆ. ಅವಳು ನುಗ್ಗಿದಳು. ಟಿಟ್ಟಿಭ ಜೋಡಿ ಕಿರುಚುತ್ತಾ ನಮ್ಮ ತಲೆಯ ಮೇಲೇ ಎರಗಿ ಎರಗಿ ಬಂತು. ಹತ್ತಿರ ಹೋದಾಗ ಕಂಡಿತು. ಗೂಡು ಅಂತ ಏನೂ ಇಲ್ಲ. ನೆಲದಲ್ಲಿ ಅಂಗೈಯಷ್ಟು ತಗ್ಗು, ಸುತ್ತ ಸಣ್ಣ ಕಲ್ಲುಗಳು. ನಾಲ್ಕು ಮೊಟ್ಟೆ, ಚೂಪು ತುದಿಗಳು ಒಳಮುಖವಾಗಿ ಕೂಡಿವೆ. ಮಣ್ಣಿನದೇ ಬಣ್ಣ, ಕಪ್ಪು ಚುಕ್ಕೆ. ಒಂದು ಒಡೆದಿತ್ತು. ಒಳಗಿನ ಲೋಳೆಯಲ್ಲಿ ಕೆಂಪು ನರಗಳು ಕಾಣುತ್ತಿದ್ದವು.

ಆ ರಾತ್ರಿ ಊಟ ಸೇರಲಿಲ್ಲ. ಮಾರನೇ ದಿನ ಅವಳನ್ನು ಮನೆಯಲ್ಲೇ ಬಿಟ್ಟು, ದೂರದ ಏರಿಯ ಮೇಲಿಂದ ದುರ್ಬೀನು ಹಿಡಿದು ನೋಡಿದೆ. ಹಕ್ಕಿ ಉಳಿದ ಮೂರರ ಮೇಲೆ ಕಾವಿಗೆ ಕೂತಿತ್ತು. ನಾಯಿಯ ತಪ್ಪು ಅದರಲ್ಲಿ ಎಳ್ಳಷ್ಟೂ ಇಲ್ಲ. ಅವಳು ನಿಂತಿದ್ದಳು. ಕಳಿಸಿದವನು ನಾನು.

ಅಲ್ಲಿಂದ ಮುಂದೆ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಹಗ್ಗ ಬಿಚ್ಚುವುದಿಲ್ಲ. ಮೂವತ್ತು ಅಡಿಯ ಹಗ್ಗ, ಎದೆಪಟ್ಟಿಗೆ ಕಟ್ಟಿರುತ್ತದೆ. ಅವಳು ನಿಂತರೆ ನಾನೂ ನಿಲ್ಲುತ್ತೇನೆ. ನೋಡುತ್ತೇನೆ, ಬೆನ್ನು ಸವರುತ್ತೇನೆ, ಅವಳನ್ನು ಹಿಂದಕ್ಕೆ ಕರೆದುಕೊಳ್ಳುತ್ತೇನೆ. ಟಿಟ್ಟಿಭ, ಗೌಜಲಹಕ್ಕಿ, ಲಾವುಗೆ, ನವಿಲು, ಎಲ್ಲ ನೆಲದಲ್ಲೇ ಮೊಟ್ಟೆ ಇಡುವ ಹಕ್ಕಿಗಳು. ರೀಲ್ಸ್‌ಗೋಸ್ಕರ ಕೆರೆಯಂಗಳದಲ್ಲಿ ನಾಯಿ ಬಿಟ್ಟು ಹಕ್ಕಿ ಎಬ್ಬಿಸುವವರನ್ನು ಈಚೆಗೆ ಜಾಸ್ತಿ ನೋಡುತ್ತಿದ್ದೇನೆ. 'ನಾವೇನು ಕೊಲ್ತಿದ್ದೀವಾ' ಅನ್ನುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತೆಗೆದು ನೋಡಿ. ಕೊಲ್ಲುವುದು, ಹಿಡಿಯುವುದು ಮಾತ್ರ ಅಲ್ಲ, ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದು, ಗೂಡಿಗೆ ತೊಂದರೆ ಕೊಡುವುದು ಕೂಡ ಅಲ್ಲಿ 'ಬೇಟೆ' ಅನ್ನುವ ಪದದೊಳಗೇ ಬರುತ್ತದೆ. ದಯವಿಟ್ಟು ಆ ಆರು ತಿಂಗಳಾದರೂ ನಾಯಿ ಕಟ್ಟಿ ನಡೆಸಿ. ಕೈ ಮುಗಿದು ಕೇಳುತ್ತೇನೆ.

ಇನ್ನು ಕೆಲವು ಜಾಗಕ್ಕೆ ಅವಳನ್ನು ಕರೆದುಕೊಂಡು ಹೋಗುವುದೇ ಇಲ್ಲ. ದೇವರಾಯನದುರ್ಗದ ಕಾಡು, ಮಧುಗಿರಿ ಕಡೆಯ ಮೈದನಹಳ್ಳಿ ಕೃಷ್ಣಮೃಗಗಳ ಹುಲ್ಲುಗಾವಲು, ಶಿರಾ ಹತ್ತಿರದ ಕಗ್ಗಲಡು. ಕಗ್ಗಲಡುವಿನಲ್ಲಿ ಊರ ನಡುವಿನ ಹುಣಸೆ ಮರಗಳಲ್ಲೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಊರಿನವರು ಅವನ್ನು ಮನೆಮಕ್ಕಳ ಹಾಗೆ ಕಾಯ್ದಿದ್ದಾರೆ. ಅಲ್ಲಿ ನಮ್ಮ ನಾಯಿಗೇನು ಕೆಲಸ?

ಅವಳ ಕೆಲಸಕ್ಕೆ ಬೆಲೆ ಕೊಟ್ಟವರೂ ಇದ್ದಾರೆ. ಒಂದು ಸಲ ಒಂದು ಹಟ್ಟಿಯ ಪಕ್ಕದ ಬೇಲಿಗೆ ಮುಖ ಮಾಡಿ ನಿಂತುಬಿಟ್ಟಳು. ಹುಲ್ಲು ಹೊತ್ತು ಬರುತ್ತಿದ್ದ ಅಜ್ಜಿಯೊಬ್ಬರು ನಿಂತು ನೋಡಿದರು.

"ಏನಪ್ಪಾ, ನಿನ್ ನಾಯಿ ಇಂಗ್ಯಾಕೆ ನಿಂತೈತೆ? ಕಾಲಿಗೆ ಮುಳ್ಳು ಚುಚ್ಕಂಡೈತಾ?"

"ಇಲ್ಲ ಅಜ್ಜಿ, ಒಳಗೆ ಏನೋ ಹಕ್ಕಿ ಇದೆ."

ಅಜ್ಜಿ ಹೊರೆ ಇಳಿಸಿ, ಕುಡುಗೋಲಿನ ಹಿಂಬದಿಯಿಂದ ಲಂಟಾನ ಸರಿಸಿದರು. "ಅಯ್ಯೋ ಶಿವನೇ, ನನ್ ಹ್ಯಾಟೆ! ಎಂಟು ದಿನದಿಂದ ಹುಡುಕಿ ಹುಡುಕಿ ಸಾಕಾಗಿತ್ತು. ನರಿ ಹೊತ್ಕಂಡೋಯ್ತು ಅಂದ್ಕಂಡಿದ್ದೆ." ಹನ್ನೊಂದು ಮೊಟ್ಟೆಯ ಮೇಲೆ ರೆಕ್ಕೆ ಹರವಿ ಕೂತಿತ್ತು ಕೋಳಿ. ಚುಕ್ಕಿಗೆ ಅವತ್ತು ಬಿಸಿ ಮುದ್ದೆ ಸಿಕ್ಕಿತು. ಈಗಲೂ ಆ ದಾರಿಯಲ್ಲಿ ಹೋದರೆ ಅಜ್ಜಿ ನನ್ನನ್ನು ಆಮೇಲೆ ಮಾತಾಡಿಸುತ್ತಾರೆ, ಮೊದಲು ಅವಳನ್ನು.

ಇನ್ನೊಂದು ಸಲ ಅವಳ ನಿಲುವೇ ಬೇರೆ ಇತ್ತು. ಕಾಲು ಎತ್ತಿಲ್ಲ, ಬಾಲ ಕೆಳಗೆ, ಮೈ ಹಿಂದಕ್ಕೆ ವಾಲಿದೆ. ನಾನು ಹೆಜ್ಜೆ ಮುಂದಿಡಲಿಲ್ಲ. ಕಡಲೆಕಾಯಿ ಹೊಲದ ಬದುವಿನಿಂದ ಕುಕ್ಕರ್ ಉಗಿ ಬಿಟ್ಟ ಹಾಗೆ ಬುಸುಗುಟ್ಟುವ ಸದ್ದು. ಕೊಳಕುಮಂಡಲ. ಇಬ್ಬರೂ ಮೆಲ್ಲಗೆ ಹಿಂದೆ ಸರಿದೆವು. ಅವಳ ಮೈಯ ಭಾಷೆ ನನಗೆ ಅಷ್ಟು ಹೊತ್ತಿಗೆ ಬಾರದೇ ಹೋಗಿದ್ದರೆ ಇದನ್ನು ಬರೆಯಲು ನಾನಿರುತ್ತಿದ್ದೆನೋ ಇಲ್ಲವೋ.

ಈಗ ವಯಸ್ಸಾಗಿದೆ. ಹಿಂಗಾಲಿನ ಕೀಲು ಹಿಡಿದುಕೊಳ್ಳುತ್ತದೆ. ಎರಡು ಗಂಟೆ ಅಲೆಯುತ್ತಿದ್ದವಳು ಮುಕ್ಕಾಲು ಗಂಟೆಗೇ ನೆರಳು ಹುಡುಕುತ್ತಾಳೆ. ಮನೆಗೆ ಬಂದ ಮೇಲೆ ಬೆರಳುಗಳ ಸಂದಿಯಲ್ಲಿ ಉಣ್ಣೆಹುಳ, ಹುಲ್ಲಿನ ಊಬು ಹುಡುಕಿ ತೆಗೆಯಲು ನನಗೆ ಅರ್ಧ ಗಂಟೆ ಬೇಕು. ಅಷ್ಟು ಹೊತ್ತೂ ನನ್ನ ಮಂಡಿಯ ಮೇಲೆ ಗದ್ದ ಊರಿ ಮಲಗಿರುತ್ತಾಳೆ.

ಕಳೆದ ಭಾನುವಾರ ಬಂಡಿ ಜಾಡಿನ ಪಕ್ಕ ನಿಂತಳು. ನಾನೂ ನಿಂತೆ. ತುಂಬ ಹೊತ್ತು ಏನೂ ಅಲುಗಲಿಲ್ಲ. ಆಮೇಲೆ ಹುಲ್ಲಿನೊಳಗಿಂದ ಗೌಜಲಹಕ್ಕಿಯೊಂದು ಕತ್ತು ಚಾಚಿ ಹೊರಗೆ ಬಂತು. ಹಿಂದೆಯೇ ಐದು ಮರಿ, ಹುಣಸೆ ಬೀಜ ಉರುಳಿದ ಹಾಗೆ. ಒಂದೊಂದೇ ಜಾಡು ದಾಟಿದವು. ಕೊನೆಯದು ಗಾಲಿಯ ತಗ್ಗಿಗೆ ಬಿದ್ದು, ಎದ್ದು, ಓಡಿತು. ಚುಕ್ಕಿಯ ಎತ್ತಿದ ಕಾಲು ನಡುಗುತ್ತಿತ್ತು. ಆದರೂ ಇಳಿಸಲಿಲ್ಲ. ಹಗ್ಗ ನನ್ನ ಕೈಯಲ್ಲಿ ಸಡಿಲವಾಗಿಯೇ ಇತ್ತು.

"ಸಾಕು ಬಾ ಕಂದಾ" ಅಂದೆ. ಕಾಲು ಕೆಳಗಿಟ್ಟು, ಮೈ ಕೊಡವಿ, ನನ್ನ ಪಕ್ಕಕ್ಕೆ ಬಂದಳು.