ಮೊದಲು ಓದು, ರಾಜಕೀಯ ಬೇಡ: ಸರ್ ಸೈಯದ್ ಹಿಡಿದ ದಾರಿ ಸರಿಯೇ?

ಅಲಿಗಢದ ಕಾಲೇಜು ಕಟ್ಟಿದ ಸರ್ ಸೈಯದ್ ಅಹ್ಮದ್ ಖಾನ್, ಮುಸ್ಲಿಮರು ಮೊದಲು ಹೊಸ ಓದು ಕಲಿಯಲಿ, ರಾಜಕೀಯದಿಂದ ದೂರ ಇರಲಿ ಎಂದವರು. ಆ ಮಾತಿನ ಪರ, ವಿರೋಧ ಎರಡೂ ಇಲ್ಲಿದೆ.

ಪರ

1857ರ ಗಲಭೆಯಲ್ಲಿ ಸೈಯದ್ ಅಹ್ಮದ್ ಖಾನ್ ಈಸ್ಟ್ ಇಂಡಿಯಾ ಕಂಪನಿಯ ನೌಕರರು. ಬಿಜನೋರಿನಲ್ಲಿ ಇಂಗ್ಲಿಷ್ ಕುಟುಂಬಗಳ ಜೀವ ಉಳಿಸಿದರು. ಆಮೇಲೆ ದಿಲ್ಲಿಗೆ ಹೋದರೆ, ಅವರ ತಾಯಿ ಕುದುರೆ ನೋಡಿಕೊಳ್ಳುವವನ ಮನೆಯಲ್ಲಿ ಅಡಗಿದ್ದರು. ಕುದುರೆಗೆ ಹಾಕುವ ಕಾಳು ತಿಂದು ದಿನ ತಳ್ಳಿದ್ದರು. ಮೀರತ್‌ಗೆ ಕರೆತಂದರೂ ಹೆಚ್ಚು ದಿನ ಬದುಕಲಿಲ್ಲ.

ಇಷ್ಟನ್ನು ಕಂಡವರಿಗೆ ಇನ್ನೊಂದು ದಂಗೆ ಬೇಕು ಅನಿಸುತ್ತಾ? ಹಾಗಂತ ಅವರು ಸುಮ್ನೆ ತಲೆಯಾಡಿಸಿದವರೂ ಅಲ್ಲ. ಕಾನೂನು ಮಾಡುವ ಸಭೆಯಲ್ಲಿ ಒಬ್ಬ ಭಾರತೀಯನೂ ಇಲ್ಲ, ದಂಗೆಗೆ ಅದೇ ಮೂಲ ಎಂದು ಬರೆದು, ಆ ಬರಹವನ್ನು ಲಂಡನ್ನಿಗೇ ಕಳಿಸಿದರು. ಅದೂ ಜನರನ್ನು ಗಲ್ಲಿಗೇರಿಸುತ್ತಿದ್ದ ಹೊತ್ತಿನಲ್ಲಿ!

1864ರಲ್ಲಿ ಗಾಜಿಪುರದಲ್ಲಿ ಸೈಂಟಿಫಿಕ್ ಸೊಸೈಟಿ ಕಟ್ಟಿ ಇಂಗ್ಲಿಷ್ ಪುಸ್ತಕಗಳನ್ನು ಉರ್ದುವಿಗೆ ತರಿಸಿದರು. 1869ರಲ್ಲಿ ಇಂಗ್ಲೆಂಡಿಗೆ ಹೋಗಿ, ಕೇಂಬ್ರಿಡ್ಜ್ ನೋಡಿ ಬಂದರು. 1875ರಲ್ಲಿ ಅಲಿಗಢದಲ್ಲಿ ಶಾಲೆ ಶುರು. 1877ರಲ್ಲಿ ವೈಸ್‌ರಾಯ್ ಲಿಟ್ಟನ್ ಕಾಲೇಜಿಗೆ ಅಡಿಗಲ್ಲು ಇಟ್ಟ. ಅಷ್ಟರಲ್ಲಿ ಮೌಲ್ವಿಗಳು ಸೈಯದರನ್ನು ಕಾಫಿರ್ ಅಂದಾಗಿತ್ತು, ಮೆಕ್ಕಾದಿಂದಲೂ ಫತ್ವಾ ತರಿಸಿದ್ದರು. ಒಂದು ಕಡೆ ಮೌಲ್ವಿಗಳ ಸಿಟ್ಟು, ಇನ್ನೊಂದು ಕಡೆ ಸರ್ಕಾರದ ಅನುಮಾನ. ಇದರ ಮೇಲೆ ರಾಜಕೀಯವನ್ನೂ ತಲೆಗೆ ಕಟ್ಟಿಕೊಂಡಿದ್ದರೆ ಕಾಲೇಜು ಉಳಿಯುತ್ತಿರಲಿಲ್ಲ.

ಹಿಂದೂ ರಾಜರೂ ಇದಕ್ಕೆ ಹಣ ಕೊಟ್ಟರು. ಅಲ್ಲಿಂದ ಪದವಿ ಪಡೆದ ಮೊದಲ ವಿದ್ಯಾರ್ಥಿ ಈಶ್ವರಿ ಪ್ರಸಾದ್. ಇದನ್ನ ಯಾಕೋ ಜಾಸ್ತಿ ಜನ ಹೇಳುವುದಿಲ್ಲ.

ವಿರೋಧ

ರಾಜಕೀಯ ಬೇಡ ಅಂದವರು ತಾವೇ ರಾಜಕೀಯ ಮಾಡಿದರಲ್ವಾ? 1887ರ ಡಿಸೆಂಬರಿನಲ್ಲಿ ಮದರಾಸಿನಲ್ಲಿ ಬಾಂಬೆಯ ಮುಸ್ಲಿಂ ವಕೀಲ ಬದ್ರುದ್ದೀನ್ ತ್ಯಾಬ್ಜಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ್ದರು. ಅದೇ ವಾರ ಸೈಯದ್ ಲಖನೌದಲ್ಲಿ ಕಾಂಗ್ರೆಸ್ ವಿರುದ್ಧ ಭಾಷಣ ಮಾಡುತ್ತಿದ್ದರು. ಮರುವರ್ಷ ಕಾಂಗ್ರೆಸ್ಸನ್ನು ಎದುರಿಸಲೆಂದೇ ಪೇಟ್ರಿಯಾಟಿಕ್ ಅಸೋಸಿಯೇಷನ್ ಕಟ್ಟಿದರು. ತ್ಯಾಬ್ಜಿ ಪತ್ರ ಬರೆದು ಕೇಳಿದ್ದು ಇಷ್ಟೇ: ಒಪ್ಪದಿದ್ದರೆ ಒಳಗೆ ಬಂದು ತಿದ್ದಿ, ಹೊರಗೆ ನಿಂತು ಏನು ಲಾಭ? ಸೈಯದ್ ಜಗ್ಗಲಿಲ್ಲ.

ಆ ಲಖನೌ ಭಾಷಣವನ್ನು ಅಭಿಮಾನಿಗಳೂ ಒಮ್ಮೆ ಓದಬೇಕು. ದೊಡ್ಡ ಹುದ್ದೆಗಳಿಗೆ ಪರೀಕ್ಷೆ ಇಟ್ಟರೆ ಏನಾಗುತ್ತದೆ ಎಂಬ ಮಾತು ಬರುತ್ತದೆ. ಕೀಳು ಕುಲದವನೊಬ್ಬ ಬಿ.ಎ., ಎಂ.ಎ. ಮಾಡಿ ತಮ್ಮ ಮೇಲೆ ಅಧಿಕಾರ ನಡೆಸುವುದನ್ನು ನಮ್ಮ ಕುಲೀನರು ಒಪ್ಪುತ್ತಾರಾ ಎಂದು ಅವರು ಕೇಳುತ್ತಾರೆ. ಓದು ಓದು ಎಂದು ಹಣ ಎತ್ತಿದವರೇ, ಓದಿದವನ ಕುಲ ಕೇಳಿದರು! ಇದನ್ನು ಕಾಲದ ದೋಷ ಅಂತ ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಅದೇ ಕಾಲದಲ್ಲಿ ಪುಣೆಯಲ್ಲಿ ಜ್ಯೋತಿಬಾ ಫುಲೆ ಇದ್ದರು. 1882ರ ಶಿಕ್ಷಣ ಆಯೋಗದ ಮುಂದೆ ಫುಲೆ ಶೂದ್ರ, ಅತಿಶೂದ್ರರ ಮಕ್ಕಳಿಗೆ ಶಾಲೆ ಕೇಳಿದರು. ಅದೇ ಆಯೋಗಕ್ಕೆ ಸೈಯದ್, ಮರ್ಯಾದಸ್ಥ ಮುಸ್ಲಿಮರು ಹೆಣ್ಣುಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸುವಂತೆ ಮಾಡಲು ಈಗ ಆಗುವುದಿಲ್ಲ ಎಂದರು. ಮೊದಲು ಗಂಡಸರು ಓದಲಿ, ಹೆಂಗಸರ ಓದು ತಾನಾಗಿ ಬರುತ್ತದೆ ಎಂಬುದು ಅವರ ನಂಬಿಕೆ. ತಾನಾಗಿ ಬರಲಿಲ್ಲ. ಅಲಿಗಢದಲ್ಲಿ ಹುಡುಗಿಯರ ಶಾಲೆ ತೆರೆಯಲು 1906ರಲ್ಲಿ ಶೇಖ್ ಅಬ್ದುಲ್ಲಾ (ಕಾಶ್ಮೀರದ ನಾಯಕರಲ್ಲ, ಅಲಿಗಢದ ವಕೀಲರು) ದಂಪತಿ ಬರಬೇಕಾಯಿತು. ಸೈಯದ್ ತೀರಿಕೊಂಡು ಆಗಲೇ 8 ವರ್ಷ.

ಅದೇ 1906ರಲ್ಲಿ ಢಾಕಾದಲ್ಲಿ, ಮುಂದೆ ಪಾಕಿಸ್ತಾನ ಕೇಳಿದ ಮುಸ್ಲಿಂ ಲೀಗ್ ಹುಟ್ಟಿತು. ಹುಟ್ಟಿದ್ದು ಎಲ್ಲಿ? ಸೈಯದ್ 1886ರಲ್ಲಿ ಶುರುಮಾಡಿದ ಶಿಕ್ಷಣ ಸಮ್ಮೇಳನಕ್ಕೆ ಬಂದವರ ನಡುವೆ. ದೇಶ ವಿಭಜನೆಯನ್ನು ಅವರ ತಲೆಗೆ ಕಟ್ಟುವುದು ಅನ್ಯಾಯ, ಸರಿ. ಆದರೆ ರಾಜಕೀಯದಿಂದ ದೂರ ಇಟ್ಟ ಸಂಸ್ಥೆ ಅನ್ನುವ ಮಾತು ನಿಲ್ಲುವುದಿಲ್ಲ.

ಇನ್ನು, ರಾಜಕೀಯ ಹೊಕ್ಕರೆ ಓದು ಕೆಡುತ್ತದೆ ಎಂಬ ವಾದಕ್ಕೆ ಉತ್ತರ ಅಲಿಗಢದಲ್ಲೇ ಸಿಕ್ಕಿತು. 1920ರ ಅಕ್ಟೋಬರಿನಲ್ಲಿ, ಗಾಂಧಿ ಮತ್ತು ಅಲಿ ಸಹೋದರರ ಅಸಹಕಾರದ ಕರೆಗೆ ಓಗೊಟ್ಟು ಒಂದಷ್ಟು ವಿದ್ಯಾರ್ಥಿಗಳು, ಮೇಷ್ಟ್ರುಗಳು ಕಾಲೇಜು ಬಿಟ್ಟರು. ಸರ್ಕಾರದ ದುಡ್ಡಿಲ್ಲದೆ ಜಾಮಿಯಾ ಮಿಲ್ಲಿಯಾ ಎಂಬ ವಿದ್ಯಾಲಯ ಶುರುಮಾಡಿ, ಡೇರೆಗಳಲ್ಲಿ ಪಾಠ ನಡೆಸಿದರು. ಅವರಲ್ಲಿ ಒಬ್ಬರಾದ ಜಾಕಿರ್ ಹುಸೇನ್‌ರನ್ನು ಸ್ವಾತಂತ್ರ್ಯ ಬಂದ ಮೇಲೆ, 1948ರಲ್ಲಿ, ಅಷ್ಟರಲ್ಲಿ ವಿಶ್ವವಿದ್ಯಾಲಯವಾಗಿದ್ದ ಅಲಿಗಢವೇ ಕುಲಪತಿಯಾಗಿ ಕರೆಸಿಕೊಂಡಿತು.