ಆಕಾಶಕ್ಕೆ ಹೋಗುವ ಅಂಗಿ

ಬೆಳಿಗ್ಗೆ ಆರೂವರೆಗೆ ಫೋನು ಬಂತೆಂದರೆ ನಮ್ಮ ಮನೆಯಲ್ಲಿ ಎಲ್ಲರ ಎದೆ ಒಮ್ಮೆ ಧಸಕ್ಕೆನ್ನುತ್ತದೆ. ಆ ಹೊತ್ತಿಗೆ ಫೋನು ಮಾಡಿದವರು ಒಳ್ಳೆಯ ಸುದ್ದಿ ಹೇಳಿದ್ದು ಕಡಿಮೆ. ಮೊನ್ನೆ ಬಂದದ್ದು ಮಾತ್ರ ತಂಗಿಯ ಮಗಳದು. ಅವಳು ಅಮೆರಿಕದ ಫ್ಲೋರಿಡಾದಲ್ಲಿ ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದಾಳೆ. ಅಲ್ಲಿ ಆಗ ಹಿಂದಿನ ದಿನದ ರಾತ್ರಿ ಒಂಬತ್ತು ಗಂಟೆ.

"ಮಾವ, ಬರುವ ವಾರ ಕಮರ್ಷಿಯಲ್ ಪೈಲಟ್ ಪರೀಕ್ಷೆ. ಎಂಥ ಹಾಕಿಕೊಂಡು ಹೋಗಲಿ?"

ನಾನು ವಿಮಾನ ಹತ್ತಿದ್ದು ಜೀವಮಾನದಲ್ಲಿ ನಾಲ್ಕು ಸಲ. ನಾಲ್ಕೂ ಸಲ ಮಂಗಳೂರಿನ ಬಜ್ಪೆಯಿಂದ, ನಾಲ್ಕೂ ಸಲ ಕಿಟಕಿ ಸೀಟು ಸಿಗದೆ. "ನನ್ನ ಹತ್ತಿರ ಯಾಕೆ ಕೇಳುತ್ತೀ?" ಎಂದೆ. "ಅಮ್ಮನ ಹತ್ತಿರ ಕೇಳಿದರೆ ಹೊಸದು ತೆಗೆದುಕೋ ಅಂತಾಳೆ. ನಿಮ್ಮ ಹತ್ತಿರ ಕೇಳಿದರೆ ಖರ್ಚಿಲ್ಲ" ಎಂದಳು. ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದವನಿಗೆ ಇದು ಹೊಗಳಿಕೆಯೇ.

ಪರೀಕ್ಷೆ ಅಂದರೆ ಸುಮ್ನೆ ಅಲ್ಲ. ಅವಳು ಹೋದ ದಾರಿಯಲ್ಲಿ ಅದಕ್ಕೆ ಕೂರಬೇಕಾದರೆ 250 ಗಂಟೆ ಹಾರಿರಬೇಕು. ನಮ್ಮ ದೇಶದಲ್ಲಿ 200. ಮೊದಲು ಮೇಜಿನ ಮುಂದೆ ಕೂರಿಸಿ ಗಂಟೆಗಟ್ಟಲೆ ಪ್ರಶ್ನೆ. ಆಮೇಲೆ ಪರೀಕ್ಷಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರಬೇಕು. ವಿಮಾನವನ್ನು 50 ಡಿಗ್ರಿ ಓರೆ ಮಾಡಿ ಸುತ್ತು ಹಾಕಬೇಕು. ಆಗ ಎತ್ತರ 100 ಅಡಿಗಿಂತ ಹೆಚ್ಚು ಆಚೀಚೆ ಆಗುವ ಹಾಗಿಲ್ಲ. ಇನ್ನೊಂದು ಕಸರತ್ತಿನಲ್ಲಿ ಇಂಜಿನ್ನಿನ ಬಲ ಪೂರ್ತಿ ಇಳಿಸಿ, ಜಾರುತ್ತಾ ಬಂದು, ರನ್‌ವೇಯಲ್ಲಿ ಮೊದಲೇ ತೋರಿಸಿಟ್ಟ ಜಾಗದಲ್ಲಿ ಚಕ್ರ ಊರಬೇಕು. ದಾಟಿದರೆ 200 ಅಡಿಯ ತನಕ ಮಾಫಿ. ಆ ಜಾಗಕ್ಕಿಂತ ಮೊದಲೇ ಊರಿದರೆ ಇಲ್ಲ. ಮಣಿಪಾಲದ ಗುಡ್ಡದಿಂದ ಪೆಡಲು ತುಳಿಯದೆ ಸೈಕಲ್ಲು ಬಿಟ್ಟು, ಇಂದ್ರಾಳಿ ದಾಟಿ, ಕಲ್ಸಂಕದಲ್ಲಿ ಸುಣ್ಣದಲ್ಲಿ ಎಳೆದ ಗೆರೆಯ ಹತ್ತಿರ ಬಂದು ಮುಟ್ಟಿದ ಹಾಗೆ. ಸಣ್ಣವನಿದ್ದಾಗ ನಾನು ಹಾಗೆ ಬಿಟ್ಟದ್ದುಂಟು. ಗೆರೆ ಇರಲಿಲ್ಲ, ಬ್ರೇಕೂ ಇರಲಿಲ್ಲ.

ಇಷ್ಟೆಲ್ಲ ನಡುವೆ ಅಂಗಿಯ ಚಿಂತೆ ಯಾಕೆ? ಅದಕ್ಕೂ ಕಾರಣ ಉಂಟು. ಮೊದಲಿನ ಲೈಸೆನ್ಸಿನಲ್ಲಿ ಹಾರಬಹುದು, ಗೆಳತಿಯರನ್ನು ಕೂರಿಸಿಕೊಂಡು ಸುತ್ತಾಡಬಹುದು, ಸಂಬಳ ಕೇಳುವ ಹಾಗಿಲ್ಲ. ಈ ಪರೀಕ್ಷೆ ಪಾಸಾದರೆ ಹಾರಿಸಿದ್ದಕ್ಕೆ ದುಡ್ಡು ತೆಗೆದುಕೊಳ್ಳಬಹುದು. ಅಂದರೆ ಆವತ್ತು ಅವಳನ್ನು ನೋಡಿದವರಿಗೆ, ಇವಳ ಕೈಯಲ್ಲಿ ಜೀವವನ್ನೂ ದುಡ್ಡನ್ನೂ ಕೊಡಬಹುದು ಅನ್ನಿಸಬೇಕು. ಅಂಥ ದಿನ ಕಪಾಟಿನ ಮುಂದೆ ನಿಂತವರಿಗೆ ಯಾವ ಬಟ್ಟೆಯೂ ಸರಿ ಕಾಣುವುದಿಲ್ಲ.

ನಿಯಮ ಏನು ಹೇಳುತ್ತದೆ ಎಂದು ಕೇಳಿದೆ. ಏನೂ ಹೇಳುವುದಿಲ್ಲವಂತೆ. ಗುರುತಿನ ಚೀಟಿ, ವೈದ್ಯರ ಸರ್ಟಿಫಿಕೇಟು, ಹಾರಿದ ಲೆಕ್ಕದ ಲಾಗ್‌ಬುಕ್, ಲಿಖಿತ ಪರೀಕ್ಷೆಯ ಫಲಿತಾಂಶ, ಇವೆಲ್ಲ ಬೇಕು. ಡಿಗ್ರಿಗೆ, ಅಡಿಗೆ, ವೇಗಕ್ಕೆ ಲೆಕ್ಕ ಇಟ್ಟ ಪುಸ್ತಕದಲ್ಲಿ ಅಂಗಿಗೆ ಒಂದು ಸಾಲಿಲ್ಲ. ನಮ್ಮ ದೇಶದಲ್ಲಾದರೆ ಹೆಚ್ಚಿನ ಫ್ಲೈಯಿಂಗ್ ಸ್ಕೂಲುಗಳಲ್ಲಿ ಬಿಳಿ ಅಂಗಿ, ಕಪ್ಪು ಪ್ಯಾಂಟು ಎಂದು ಮೊದಲೇ ಹೇಳಿಬಿಡುತ್ತಾರೆ. ಚಿಂತೆಯೇ ಇಲ್ಲ. ಯೂನಿಫಾರ್ಮಿನ ದೊಡ್ಡ ಉಪಕಾರ ಅದೇ ಅಲ್ವಾ? ಅದು ಶಿಸ್ತು ಕಲಿಸುತ್ತದೋ ಇಲ್ಲವೋ, ಬೆಳಿಗ್ಗೆ ಹತ್ತು ನಿಮಿಷ ಉಳಿಸುತ್ತದೆ.

ಇನ್ನು ನಮ್ಮ ಉಡುಪಿಯವರ ಹತ್ತಿರ ಈ ಪ್ರಶ್ನೆ ಕೇಳುವುದೇ ತಮಾಷೆ. ಇಲ್ಲಿ ಕೃಷ್ಣನ ಮುಂದೆ ಹೋಗುವಾಗ ನಾವು ಗಂಡಸರು ಅಂಗಿ ಬನಿಯನ್ ಎರಡೂ ತೆಗೆದು ಹೆಗಲಿಗೆ ಹಾಕಿಕೊಳ್ಳುವವರು. ಅದಕ್ಕಿಂತ ದೊಡ್ಡ ಪರೀಕ್ಷಕ ಇನ್ನೆಲ್ಲಿದ್ದಾನೆ? ಅಲ್ಲಿ ಇಸ್ತ್ರಿಯ ಚಿಂತೆಯಿಲ್ಲ, ಹೊಟ್ಟೆ ಒಳಗೆ ಎಳೆದುಕೊಂಡರೆ ಸಾಕು.

ಆದರೂ ಮನೆಯಲ್ಲಿ ಸಭೆ ಸೇರಿತು. ನನ್ನ ಹೆಂಡತಿ ಕೋಟು ಅಂದಳು. ತಂಗಿ ಮಂಗಳೂರು ಕದ್ರಿಯಿಂದ ಫೋನಿನಲ್ಲೇ ಸೇರಿಕೊಂಡು, "ಅಣ್ಣ, ಹೊಸದೇ ಇರಲಿ, ಬಿಳಿ ಅಂಗಿ, ಹೆಗಲಿಗೆ ಚಿನ್ನದ ಪಟ್ಟಿ" ಎಂದಳು. ಆ ಪಟ್ಟಿಗೆ ಲೆಕ್ಕ ಉಂಟು, ಸಾಮಾನ್ಯವಾಗಿ ಕ್ಯಾಪ್ಟನ್ನಿಗೆ ನಾಲ್ಕು, ಪಕ್ಕದಲ್ಲಿ ಕೂರುವವರಿಗೆ ಮೂರು ಎಂದು ವಿವರಿಸಬೇಕಾಯಿತು. "ಹಾಗಾದರೆ ಎರಡಾದರೂ ಹಾಕಲಿ" ಎಂದಳು. ಮದುವೆ ಮಾತುಕತೆಯಲ್ಲೂ ಅವಳದು ಇದೇ ಚೌಕಾಸಿ. ನನ್ನ ಅಮ್ಮ ಕೊನೆಗೆ ಬಾಯಿ ಬಿಟ್ಟರು. "ತಲೆಗೆ ಒಂದು ತುಂಡು ಶಂಕರಪುರ ಮಲ್ಲಿಗೆ ಮುಡಿಯಲಿ. ಅಷ್ಟು ದೂರಕ್ಕೆ ಕಳಿಸಲಿಕ್ಕೆ ಆಗುತ್ತದಾ?"

ಅಮ್ಮನ ಲೆಕ್ಕದಲ್ಲಿ ವಿಮಾನ ಅಂದರೆ ಮದುವೆಯಷ್ಟೇ ದೊಡ್ಡ ಸಂಗತಿ. ಬಜ್ಪೆ ನಿಲ್ದಾಣ ಶುರುವಾದದ್ದು 1951ರ ಡಿಸೆಂಬರ್ 25ಕ್ಕೆ. ನೆಹರೂ ಬಂದಿಳಿದಿದ್ದರು. ಅಮ್ಮ ಆಗ ಸಣ್ಣ ಹುಡುಗಿ. ಆಮೇಲೆ ಗಲ್ಫಿಗೆ ಹೋಗುವವರ ಕಾಲ ಬಂತು. ಹೋಗುವವನು ಒಬ್ಬ, ಕಳಿಸಿಕೊಡಲು ಎರಡು ಜೀಪು. ಹೋಗುವವನಿಗಿಂತ ಕಳಿಸುವವರ ಸೀರೆಯೇ ಜೋರು. ಈಗ ಬರ್ಮುಡಾ ಚಡ್ಡಿಯಲ್ಲಿ ಬೋರ್ಡಿಂಗ್ ಸಾಲಿನಲ್ಲಿ ನಿಂತವರನ್ನು ಕಂಡರೆ ಅಮ್ಮನಿಗೆ ಅವರು ಬಚ್ಚಲಿಗೆ ಹೊರಟು ದಾರಿ ತಪ್ಪಿದವರ ಹಾಗೆ ಕಾಣುತ್ತಾರೆ.

ಅಮ್ಮನದು ತಪ್ಪು ಎಂದೂ ಹೇಳಲಾರೆ. ರೈಟ್ ಸಹೋದರರು 1903ರಲ್ಲಿ ಮೊದಲ ಸಲ ಹಾರಿದಾಗ ಟೈ ಕಟ್ಟಿದ್ದರು. ಮರಳುದಿಬ್ಬದ ಬುಡದಲ್ಲಿ, ಡಿಸೆಂಬರ್ ಚಳಿಯಲ್ಲಿ, 12 ಸೆಕೆಂಡಿನ ಹಾರಾಟಕ್ಕೆ ಗಂಜಿ ಹಾಕಿದ ಕಾಲರು! ಮುಂದೆ 1930ರ ದಶಕದಲ್ಲಿ ಪ್ಯಾನ್ ಆಮ್ ಕಂಪನಿ ನೀರಿನ ಮೇಲೆ ಇಳಿಯುವ ದೊಡ್ಡ ವಿಮಾನ ಓಡಿಸಿತು. ಅದರ ಪೈಲಟ್ಟುಗಳಿಗೆ ಹಡಗಿನ ಅಧಿಕಾರಿಗಳ ಉಡುಪನ್ನೇ ಹೊಲಿಸಿತು. ಪ್ರಯಾಣಿಕರಿಗೆ ಹಡಗು ಹತ್ತಿದಷ್ಟು ಧೈರ್ಯ ಬರಲಿ ಎಂದು. ಇವತ್ತಿನ ಹೆಗಲ ಪಟ್ಟಿಯ ಮೂಲ ಅದೇ. ಮಲ್ಪೆಯ ದೋಣಿಯವರು ನೋಡಿದರೆ ನಕ್ಕಾರು. ಸಮುದ್ರಕ್ಕೆ ಹೋಗುವ ಅವರಿಗೆ ಪಟ್ಟಿಯೂ ಇಲ್ಲ, ಟೊಪ್ಪಿಯೂ ಇಲ್ಲ.

ಈ ಎರಡರ ನಡುವೆ ಒಂದು ಕಾಲ ಇತ್ತು. ನನಗೆ ಅದೇ ಹೆಚ್ಚು ಇಷ್ಟ. ಮೊದಲ ಮಹಾಯುದ್ಧದ ಪೈಲಟ್ಟುಗಳು ಕುತ್ತಿಗೆಗೆ ರೇಷ್ಮೆ ವಸ್ತ್ರ ಸುತ್ತುತ್ತಿದ್ದರಲ್ಲ, ಅದು ಶೋಕಿಗೆ ಎಂದುಕೊಂಡಿದ್ದೆ. ಅಲ್ಲ. ಶತ್ರು ಎಲ್ಲಿದ್ದಾನೆಂದು ಹಿಂದೆ ಮುಂದೆ ಕತ್ತು ತಿರುಗಿಸಿ ಚರ್ಮ ಸುಲಿಯುತ್ತಿತ್ತು, ಅದಕ್ಕೆ ರೇಷ್ಮೆ. ಜೊತೆಗೆ ಆಗಿನ ಹಲವು ವಿಮಾನಗಳಲ್ಲಿ ಇಂಜಿನ್ನೇ ಪ್ರೊಪೆಲ್ಲರಿನ ಜೊತೆ ಗರಗರ ತಿರುಗುತ್ತಿತ್ತು. ಅದಕ್ಕೆ ಹಾಕುತ್ತಿದ್ದದ್ದು ಹರಳೆಣ್ಣೆ. ಅದು ಸಿಡಿದು ಕನ್ನಡಕದ ಮೇಲೆ, ಮುಖದ ಮೇಲೆ, ಬಾಯಿಯೊಳಗೆ. ಒರೆಸಲು ಅದೇ ರೇಷ್ಮೆ. ಹರಳೆಣ್ಣೆ ಹೊಟ್ಟೆಗೆ ಹೋದರೆ ಮುಂದಿನ ಕಥೆ ಏನೆಂದು ನಮ್ಮ ಮಕ್ಕಳಿಗೂ ಗೊತ್ತು. ಅಮ್ಮನಿಗೆ ಇದನ್ನು ಹೇಳಿದೆ. "ಪಾಪ, ಮೇಲೆ ಹೋದ ಮೇಲೆ ಅವಸರವಾದರೆ?" ಎಂದರು. ಯುದ್ಧದ ಬಗ್ಗೆ ನಾನು ಕೇಳಿದ ಅತ್ಯಂತ ಮನುಷ್ಯರ ಪ್ರಶ್ನೆ ಇದು.

ಹೊಸ ಬಟ್ಟೆ ಬೇಡ ಎಂದು ಹಟ ಹಿಡಿದವನು ನಾನೊಬ್ಬನೇ. ಅದಕ್ಕೆ ನನ್ನದೇ ಒಂದು ಕಥೆ ಉಂಟು. ಕೆಲಸಕ್ಕೆ ಮೊದಲ ಸಂದರ್ಶನ, ಮಂಗಳೂರಿನಲ್ಲಿ, ಆಟಿ ತಿಂಗಳಲ್ಲಿ. ಹೊಸ ಅಂಗಿ ಹೊಲಿಸಿ ತಂದದ್ದು ಹಿಂದಿನ ಸಂಜೆ. ಹೊಸ ಬಟ್ಟೆ ತೊಳೆಯದೆ ಹಾಕಬಾರದು ಎಂದು ಅಮ್ಮ ಅಂಟುವಾಳ ಹಾಕಿ ತೊಳೆದೇಬಿಟ್ಟರು. ಹೊರಗೆ ಜಡಿಮಳೆ. ಅಂಗಿ ಒಣಗಿದ್ದು ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ. ಉಳಿದ ಒದ್ದೆಯನ್ನು ಇಸ್ತ್ರಿಯಲ್ಲೇ ಆರಿಸಿದ್ದು. ಬೂಟೂ ಹೊಸದು. ಹಂಪನಕಟ್ಟೆಯಲ್ಲಿ ಬಸ್ಸಿಳಿಯುವಷ್ಟರಲ್ಲಿ ಅದು ಎರಡೂ ಹಿಮ್ಮಡಿ ಕಚ್ಚಿತ್ತು. ಒಳಗೆ ಮೂವರು ಕೂತಿದ್ದರು. ನಡುವಿನವರು ಎರಡು ಸಲ ಮೂಗು ಏರಿಸಿ, "ನಿಮ್ಮಲ್ಲಿ ಒಲೆಗೆ ಎಂಥ ಉರಿಸುತ್ತೀರಿ?" ಎಂದರು. "ತೆಂಗಿನ ಸಿಪ್ಪೆ, ಸಾರ್" ಎಂದೆ. ಆವತ್ತು ತಡವರಿಸದೆ ಉತ್ತರ ಕೊಟ್ಟದ್ದು ಅದೊಂದಕ್ಕೇ. ಉಳಿದ ಹೊತ್ತೆಲ್ಲ ನನ್ನ ಗಮನ ಹಿಮ್ಮಡಿಯಲ್ಲಿತ್ತು. ಆ ಕೆಲಸ ಸಿಗಲಿಲ್ಲ. ಸಿಕ್ಕಿದ್ದು ಮರುವರ್ಷ, ಬೇರೆ ಕಡೆ, ಹಳೇ ಅಂಗಿಯಲ್ಲಿ.

ಹಾಗಾಗಿ ಹುಡುಗಿಗೆ ಮತ್ತೆ ಫೋನು ಮಾಡಿ, "ನೀನು ದಿನಾ ಹಾರಲಿಕ್ಕೆ ಎಂಥ ಹಾಕುತ್ತೀ ಅದನ್ನು ಹೇಳು ಮೊದಲು" ಎಂದೆ. ಅವಳು ಹೇಳುತ್ತಾ ಹೋದಳು, ನನಗೆ ಅದು ಹೊಸ ಲೋಕ.

ಅವಳು ಹಾರಿಸುವುದು ಸೆಸ್ನಾ 172. ನಾಲ್ಕು ಸೀಟು, ಏಸಿ ಇಲ್ಲ. ಫ್ಲೋರಿಡಾದ ಬಿಸಿಲು ನಮ್ಮ ಮೇ ತಿಂಗಳ ಹಾಗೆಯೇ, ಬೆವರು ಆರುವುದಿಲ್ಲ. ಸಾವಿರ ಅಡಿ ಏರಿದರೆ ಸುಮಾರು ಎರಡು ಡಿಗ್ರಿ ತಂಪಾಗುತ್ತದೆ, ನಿಜ. ಆದರೆ ಏರುವ ಮೊದಲು ರನ್‌ವೇ ಬದಿಯಲ್ಲಿ ಕಾದು ಕೂತಾಗ ಕೋಟಿನೊಳಗೆ ಮನುಷ್ಯ ಕಡುಬಿನ ಹಾಗೆ ಬೇಯುತ್ತಾನೆ. ಕೋಟು ಅಲ್ಲಿಗೆ ಮುಗಿಯಿತು. ಬಟ್ಟೆ ಹತ್ತಿಯದಾದರೆ ಒಳ್ಳೆಯದು. ಬೆಂಕಿ ಬಿದ್ದರೆ ನೈಲಾನು ಕರಗಿ ಮೈಗೆ ಅಂಟುತ್ತದೆ. ಇದನ್ನು ಅಮ್ಮನಿಗೆ ಹೇಳಲಿಲ್ಲ. ಬೂಟಿನ ಅಟ್ಟೆ ತೆಳುವಾಗಿರಬೇಕು. ನೆಲದ ಮೇಲೆ ಓಡುವಾಗ ವಿಮಾನವನ್ನು ತಿರುಗಿಸುವುದು ಕಾಲಿನಲ್ಲಿ, ಬ್ರೇಕು ಇರುವುದು ಪೆಡಲಿನ ಮೇಲ್ತುದಿಯಲ್ಲಿ. ಕಾಲ್ಬೆರಳಿಗೆ ಅದು ಗೊತ್ತಾಗಬೇಕು. ಕಿಸೆಯಲ್ಲಿ ಸಡಿಲ ಪೆನ್ನು ಬೇಡ, ಬಿದ್ದರೆ ಹೋಗಿ ಕೂರುವುದು ಆ ಪೆಡಲಿನ ಅಡಿಗೇ. ಪೋಲರಾಯ್ಡ್ ಕನ್ನಡಕವೂ ಬೇಡ, ಮುಂದಿನ ಪರದೆಗಳು ಕಪ್ಪಾಗಿ ಕಾಣುತ್ತವೆ. ತೊಡೆಗೆ ಬರೆಯುವ ಹಲಗೆ ಬಿಗಿಯುತ್ತಾರೆ. ಅಲ್ಲಿಗೆ ಸೀರೆಯೂ ಹೋಯಿತು, ನನ್ನ ಮನಸ್ಸಿನಲ್ಲಿ ಸಣ್ಣದಾಗಿ ಇದ್ದ ಪಂಚೆಯೂ ಹೋಯಿತು.

ತಲೆಯ ವಿಷಯ ಮಾತ್ರ ನನಗೆ ಕೂಡಲೇ ಅರ್ಥವಾಯಿತು. ಟೊಪ್ಪಿಯ ನೆತ್ತಿಯಲ್ಲಿ ಒಂದು ಸಣ್ಣ ಗುಂಡಿ ಇರುತ್ತದಲ್ಲ, ಹೆಡ್‌ಸೆಟ್ಟಿನ ಪಟ್ಟಿ ಅದನ್ನು ಒತ್ತಿ ಒತ್ತಿ ತಲೆ ಸಿಡಿಯುತ್ತದಂತೆ. ಪೈಲಟ್ಟುಗಳು ಆ ಗುಂಡಿ ಕಿತ್ತು ಹಾಕುತ್ತಾರೆ. ತುರುಬು ಕಟ್ಟಿದರೂ ಅದೇ ಕಷ್ಟ. ನಮ್ಮ ಆಚೆಮನೆಯವರು ಯಕ್ಷಗಾನ ಮೇಳದಲ್ಲಿ ವೇಷ ಮಾಡುತ್ತಿದ್ದರು. ಚೌಕಿಯಲ್ಲಿ ಕಿರೀಟ ಕಟ್ಟಿಕೊಳ್ಳುವಾಗ ಅವರ ಮುಖ ನೋಡಬೇಕಿತ್ತು. ಸಡಿಲವಾದರೆ ರಂಗದಲ್ಲಿ ಗಿರಕಿ ಹೊಡೆಯುವಾಗ ಜಾರುತ್ತದೆ. ಬಿಗಿಯಾದರೆ ಪ್ರಸಂಗ ಮುಗಿಯುವ ಮೊದಲೇ ತಲೆನೋವಿನಲ್ಲಿ ಮಾತು ಮರೆಯುತ್ತದೆ. ಹೊಸ ಕಿರೀಟವನ್ನು ಅವರು ದೊಡ್ಡ ಆಟಕ್ಕೆ ನೇರವಾಗಿ ಇಟ್ಟದ್ದಿಲ್ಲ. ನಾಲ್ಕು ದಿನ ಸಣ್ಣ ಆಟಗಳಲ್ಲಿ ಇಟ್ಟು ಪಳಗಿಸಿಕೊಳ್ಳುತ್ತಿದ್ದರು. ಇದನ್ನು ಹುಡುಗಿಗೆ ಹೇಳಿದೆ. "ಹಾಗಾದರೆ ಹಳೇ ನೀಲಿ ಅಂಗಿ, ಕಾಲರ್ ಇರುವುದು. ಜಡೆ ಸಡಿಲ. ಆಯ್ತಾ?" ಎಂದಳು. ಆಯ್ತು ಎಂದೆ. ಇಸ್ತ್ರಿ ಹಾಕು ಎಂದು ಸೇರಿಸಿದೆ. ಅಷ್ಟು ಮರ್ಯಾದೆ ಪರೀಕ್ಷಕರಿಗೂ ಬೇಕಲ್ಲ.

ಪರೀಕ್ಷೆಯ ದಿನ ರಾತ್ರಿ ಹನ್ನೊಂದಕ್ಕೆ ಫೋಟೋ ಬಂತು. ಪಾಸು. ಬಿಳಿ ವಿಮಾನದ ಮುಂದೆ ನಗುತ್ತಾ ನಿಂತಿದ್ದಾಳೆ. ಪಕ್ಕದಲ್ಲಿ ಪರೀಕ್ಷಕರು, ದೊಡ್ಡ ದೊಡ್ಡ ಹೂವಿನ ಅರೆತೋಳಿನ ಅಂಗಿಯಲ್ಲಿ. ತಂಗಿ ಅತ್ತಳು. ನನ್ನ ಹೆಂಡತಿ ಫೋಟೋವನ್ನು ಊರಿಗೆಲ್ಲ ಕಳಿಸಿದಳು. ಅಮ್ಮ ಮಾತ್ರ ಕನ್ನಡಕ ಏರಿಸಿ, ನನ್ನ ಕೈಯಿಂದ ಫೋಟೋ ದೊಡ್ಡದು ಮಾಡಿಸಿ, ನೀಲಿ ತೋಳನ್ನು ತುಂಬಾ ಹೊತ್ತು ನೋಡಿದರು. ಅಲ್ಲಿ ಬೆರಳಗಲದ ಕಪ್ಪು ಕಲೆ. ಹಾರುವ ಮೊದಲು ಇಂಜಿನ್ನಿನ ಎಣ್ಣೆ ನೋಡುವಾಗ ತಾಗಿದ್ದಂತೆ.

"ಇದು ಅಂಟುವಾಳ ಹಾಕಿ ತಿಕ್ಕಿದರೆ ಹೋಗುತ್ತದೆ" ಎಂದರು ಅಮ್ಮ. "ಅಲ್ಲಿ ಸಿಗುತ್ತದಾ ಕೇಳು."