ಕಾರಿಗೂ ಒಂದು ಎಲೆ ಹಾಕಿ

ಸ್ವಂತ ಬಳಕೆಗೆ ಕಾರು ಇಟ್ಟುಕೊಂಡವರಿಗೆ ನಮ್ಮ ರಾಜ್ಯದಲ್ಲಿ ಬಿಪಿಎಲ್ ಕಾರ್ಡು ಸಿಗುವುದಿಲ್ಲ. ಕಾರು ಕೊಳ್ಳುವ ಸ್ಥಿತಿವಂತನಿಗೆ ಸರ್ಕಾರದ ಅಕ್ಕಿ ಏಕೆ ಎಂಬುದು ನ್ಯಾಯವಾದ ಮಾತೇ. ಆದರೆ ಆತನ ಕಾರಿಗೆ ಅಂಥ ಅಡ್ಡಿಯೇನಿಲ್ಲ. ಭಾರತ ಆಹಾರ ನಿಗಮದ ಗೋದಾಮಿನಿಂದ ಹೊರಟ ಅಕ್ಕಿ ಡಿಸ್ಟಿಲರಿಯಲ್ಲಿ ಬೆಂದು, ಹುಳಿತು, ಬಟ್ಟಿಯಿಳಿದು, ಎಥೆನಾಲ್ ಎಂಬ ಹೆಸರು ಹೊತ್ತು, ಪೆಟ್ರೋಲಿನೊಂದಿಗೆ ಶೇ 20ರ ಪಾಲಾಗಿ ಅದರ ಹೊಟ್ಟೆ ಸೇರುತ್ತದೆ.

ಒಂದು ಟನ್ ಅಕ್ಕಿಗೆ ಸುಮಾರು 450 ಲೀಟರ್ ಎಥೆನಾಲ್ ಇಳಿಯುತ್ತದೆ. 40 ಲೀಟರಿನ ಟ್ಯಾಂಕಿನಲ್ಲಿರುವ 8 ಲೀಟರ್ ಎಥೆನಾಲ್ ಅಷ್ಟೂ ಅಕ್ಕಿಯದೇ ಆಗಿದ್ದರೆ, ಕಾರು ಒಂದು ಊಟಕ್ಕೆ ಹದಿನೇಳು ಹದಿನೆಂಟು ಕೆ.ಜಿ. ಉಂಡಂತಾಯಿತು. ಆಹಾರ ಭದ್ರತಾ ಕಾಯ್ದೆ ತಲೆಗೆ ತಿಂಗಳಿಗೆ 5 ಕೆ.ಜಿ. ಕೊಡುವುದರಿಂದ ಇದು ಮೂರೂವರೆ ಮಂದಿಯ ಪಾಲು. ಆ ಅರ್ಧ ಮನುಷ್ಯ ಯಾರೆಂಬುದನ್ನು ಇಲಾಖೆಯೇ ತೀರ್ಮಾನಿಸಲಿ. ಸವೆದ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಂಡು ನಾಲ್ಕನೆಯ ಸಲ ಯಂತ್ರಕ್ಕೆ ಒತ್ತುವ ಅಜ್ಜಿ 'ಸರ್ವರ್ ಇಲ್ಲ, ನಾಳೆ ಬಾರಮ್ಮ' ಎನ್ನಿಸಿಕೊಂಡು ಖಾಲಿ ಚೀಲದೊಂದಿಗೆ ಹಿಂದಿರುಗುತ್ತಾಳೆ. ಕಾರಿಗೆ ಹೆಬ್ಬೆಟ್ಟೂ ಇಲ್ಲ, ಇ-ಕೆವೈಸಿಯೂ ಇಲ್ಲ.

ಕಾರಿಗೆ ರುಚಿಯೂ ತಿಳಿಯದು. ಪೆಟ್ರೋಲಿಯಂನಿಂದ ಬರುವ ಎಥಿಲೀನ್ ಅನಿಲಕ್ಕೆ ನೀರು ಕೂಡಿಸಿ ಮಾಡಿದ ಎಥೆನಾಲಿಗೂ ಅಕ್ಕಿಯದಕ್ಕೂ ಅದು ಭೇದವೆಣಿಸುವುದಿಲ್ಲ. ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ ಕಸುವಿನ ಈ ಅನ್ನ ಉಂಡರೆ ಬೇಗನೆ ಮತ್ತೆ ಹಸಿಯುತ್ತದೆ, ಅಷ್ಟೇ.

2023ರ ಜೂನ್‌ನಲ್ಲಿ ಅನ್ನಭಾಗ್ಯಕ್ಕೆಂದು ಕೆ.ಜಿ.ಗೆ 34 ರೂಪಾಯಿ ಕೈಯಲ್ಲಿ ಹಿಡಿದು ನಿಂತ ಕರ್ನಾಟಕಕ್ಕೆ, ರಾಜ್ಯ ಸರ್ಕಾರಗಳಿಗೆ ಮಾರಾಟವಿಲ್ಲ ಎಂಬ ಉತ್ತರ ಕೇಂದ್ರದಿಂದ ಸಿಕ್ಕಿತು. ಅದೇ ಹೊತ್ತಿನಲ್ಲಿ ಡಿಸ್ಟಿಲರಿಗಳಿಗೆ ನಿಗದಿಯಾಗಿದ್ದ ದರ 20 ರೂಪಾಯಿ. ಮರುತಿಂಗಳು ಅವುಗಳಿಗೂ ಪೂರೈಕೆ ನಿಂತಿತೆನ್ನಿ. ರಾಜ್ಯ ಮಾತ್ರ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಹಂಚಿ, ಬೇಯಿಸಿಕೊಳ್ಳಿ ಎಂದಿತು.

ಬಟ್ಟಿ ಇಳಿಸುವವರಿಗೆ ಅಗ್ಗದ ಅಕ್ಕಿಯೊಂದೇ ಸಾಲದು ಎಂದು 2021ರಿಂದ ಅವರ ಬ್ಯಾಂಕ್ ಸಾಲಕ್ಕೆ ಶೇ 6 ಅಥವಾ ಅರ್ಧ ಬಡ್ಡಿ, ಇವುಗಳಲ್ಲಿ ಯಾವುದು ಕಡಿಮೆಯೋ ಅದನ್ನು ಐದು ವರ್ಷ ಕೇಂದ್ರವೇ ಭರಿಸುವ ಏರ್ಪಾಡಾಗಿದೆ. ಭತ್ತ ಬೆಳೆದವನ ಸಾಲದ ಪ್ರಶ್ನೆ ಬಂದಾಗಲೆಲ್ಲ ನೆನಪಾಗುವ ಆರ್ಥಿಕ ಶಿಸ್ತು ಇಲ್ಲಿ ಏಕೋ ರಜೆಯಲ್ಲಿದೆ.

ಕೊನೆಗೆ 2025ರ ಜನವರಿಯಲ್ಲಿ ಪಂಕ್ತಿಭೇದ ಅಳಿಯಿತು. ನಿಗಮಕ್ಕೆ ಸುಮಾರು 40 ರೂಪಾಯಿ ತಗಲುವ ಅಕ್ಕಿಯನ್ನು ರಾಜ್ಯಗಳಿಗೂ ಡಿಸ್ಟಿಲರಿಗಳಿಗೂ 22.50 ರೂಪಾಯಿಗೇ ಕೊಡಬೇಕೆಂದು ಆದೇಶವಾಯಿತು. ನಿಗಮ ತನ್ನ ದಾಸ್ತಾನು ಮಾರುವ ಮುಕ್ತ ಮಾರಾಟ ಯೋಜನೆಯ ಹಂಚಿಕೆಯಲ್ಲಿ ರಾಜ್ಯಗಳ ಎಲೆಗೆ 12 ಲಕ್ಷ ಟನ್ ಬಡಿಸಿದ ಸೌಟು, ಕಾರಿನ ಎಲೆಯ ಮುಂದೆ ಎರಡು ಸಲ ಮುಳುಗೆದ್ದು 24 ಲಕ್ಷ ಟನ್ ಸುರಿಯಿತು.